ಕಲೆ ಇಲ್ಲದ ಮುಂಗೈ

ಲೋಕಲ್ ರೈಲು ಹತ್ತಿದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಇಲ್ಲವೇ ಕಿಟಕಿಯಾಚೆ ನೋಡುತ್ತಾರೆ. ನಾನು ಮುಂಗೈ ನೋಡುತ್ತಿದ್ದೆ. ಮೇಲಿನ ಹಿಡಿಕೆಗೆ ಜೋತುಬಿದ್ದ ಕೈಗಳ ಸಾಲಿನಲ್ಲಿ, ಅಂಗಿಯ ತೋಳು ಸರಿದ ಕಡೆ, ದುಂಡನೆಯ ಕಲೆಗಳು ಕಾಣುತ್ತಿದ್ದವು. ಹಳೆಯ ತಿರುಗು ಬಿಲ್ಲೆಯಿಂದ ಹಾಕಿದ್ದಾದರೆ ನಾಣ್ಯದಷ್ಟು ಅಗಲ. ಹೊಸ ಸೂಜಿಯದಾದರೆ ಕಡಲೆಬೇಳೆಯಷ್ಟು. ಕುರ್ಲಾದಲ್ಲಿ ಹತ್ತಿದವರ ಕೈ ನೋಡಿ, ಇದು ನಾನು ಹಾಕಿದ್ದು, ಇದು ಬೇರೆಯವನ ಹರಕು ಕೆಲಸ ಎಂದು ಮನಸ್ಸಿನಲ್ಲೇ ವಿಂಗಡಿಸುತ್ತಿದ್ದೆ. ನಮ್ಮ ಕಡೆಯ ಗೌಂಡಿಗಳು ತಾವು ಕಟ್ಟಿದ ಬಿಲ್ಡಿಂಗ್ ತೋರಿಸಿ ಮೀಸೆ ತಿರುವುತ್ತಾರಲ್ಲ, ಹಾಗೆ ನನ್ನ ಜಂಬವೆಲ್ಲ ಆ ಕಲೆಗಳಲ್ಲಿತ್ತು.

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ ಶಾಲೆ ಬಿಟ್ಟವನು ನಾನು. ವಿಜಾಪುರ ಸೀಮೆಯಿಂದ ಸೋದರಮಾವನ ಹಿಂದೆ ಕುರ್ಲಾಕ್ಕೆ ಬಂದು, ಮೊದಲು ಸಿಮೆಂಟಿನ ಬುಟ್ಟಿ ಹೊತ್ತೆ. ಆಮೇಲೆ ಮುನಿಸಿಪಾಲಿಟಿಯ ಆರೋಗ್ಯ ಖಾತೆಯಲ್ಲಿ ಆಳಾಗಿ ಸೇರಿ, ಮರಾಠಿ ಕಲಿತು, ಅರವತ್ತರ ದಶಕದ ಕೊನೆಯ ಹೊತ್ತಿಗೆ ದೇವಿ ಹಾಕುವವನಾದೆ. ನಮ್ಮ ಕಡೆ ಸಿಡುಬಿಗೆ ದೇವಿ ಎನ್ನುತ್ತಾರೆ. ಸಿಡುಬು ಬಾರದಂತೆ ಕೈಗೆ ಚುಚ್ಚುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು. ನನ್ನ ಸ್ವಂತ ಹೆಸರು ಸಂಗಪ್ಪ ಎಂಬುದು ಪಗಾರದ ದಿನ ಬಿಟ್ಟರೆ ಯಾರಿಗೂ ಬೇಕಾಗುತ್ತಿರಲಿಲ್ಲ.

ಈಗ ನಮ್ಮ ಬಿಲ್ಡಿಂಗಿಗೆ ಲಸಿಕೆಯ ಪೆಟ್ಟಿಗೆ ಹಿಡಿದು ಹುಡುಗ ಹುಡುಗಿಯರು ಬರುತ್ತಾರೆ. ಬಾಗಿಲು ತಟ್ಟುತ್ತಾರೆ, ಮಕ್ಕಳ ಬಾಯಿಗೆ ಹನಿ ಹಾಕುತ್ತಾರೆ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಗುರುತು ಬರೆಯುತ್ತಾರೆ. ಚಹಾ ಕುಡಿದು ಹೋಗಿ ಎಂದರೆ, “ಟೈಮ್ ನಹೀ ಹೈ ಅಂಕಲ್” ಎಂದು ಮೆಟ್ಟಿಲಿಳಿಯುತ್ತಾರೆ. ಅವರು ಕೂತಿದ್ದರೆ ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದರಿಂದ ಅವರಿಗೆ ಏನೂ ಆಗಬೇಕಾಗಿಲ್ಲ.

ಮೊದಲು ನಮ್ಮ ಕೈಯಲ್ಲಿದ್ದದ್ದು ತಿರುಗು ಬಿಲ್ಲೆ. ಸಣ್ಣ ಹಿಡಿಕೆ, ತುದಿಯಲ್ಲಿ ಮುಳ್ಳಿನ ಚಕ್ರ. ಮುಂಗೈ ಮೇಲೆ ಔಷಧ ಹಚ್ಚಿ, ಅದರ ಮೇಲೆ ಚಕ್ರವನ್ನು ಒತ್ತಿ ತಿರುಗಿಸಬೇಕು. ಮಕ್ಕಳು ಅರಚುವುದು ಮೂರು ಚಾಳಿನಾಚೆಗೆ ಕೇಳುತ್ತಿತ್ತು. ನಾನು ಓಣಿಗೆ ಕಾಲಿಟ್ಟರೆ ತಾಯಂದಿರು, “ಸುಮ್ನಿರು, ಇಲ್ಲಾಂದ್ರ ಆ ಮಾಮಾನ್ನ ಕರೀತೇನಿ” ಎಂದು ಅಳುವ ಮಕ್ಕಳ ಬಾಯಿ ಮುಚ್ಚಿಸುತ್ತಿದ್ದರು. ಮಕ್ಕಳ ಪಾಲಿಗೆ ಗುಮ್ಮನಾಗಿ ಪಗಾರ ತಿಂದವನು ನಾನು. ಆಮೇಲೆ ಎರಡು ಮೊನೆಯ ಸೂಜಿ ಬಂತು. ಶೀಶೆಯಲ್ಲಿ ಅದ್ದಿದರೆ ಎರಡು ಮೊನೆಗಳ ನಡುವೆ ಒಂದು ಹನಿ ನಿಲ್ಲುತ್ತಿತ್ತು. ಅದರಿಂದ ಒಂದೇ ಜಾಗದಲ್ಲಿ ಪಟಪಟನೆ ಚುಚ್ಚಿದರೆ ಮುಗಿಯಿತು. ಇರುವೆ ಕಚ್ಚಿದಷ್ಟೇ ನೋವು. ಒಂದು ವಾರಕ್ಕೆ ಅಲ್ಲಿ ಗುಳ್ಳೆ ಎದ್ದು ಕೀವು ತುಂಬಿದರೆ ದೇವಿ ಹತ್ತಿತು ಎಂದರ್ಥ. ಹತ್ತದಿದ್ದರೆ ಮತ್ತೆ ಹಾಕಬೇಕು. ಮೂರು ವಾರಕ್ಕೆ ಹಕ್ಕಳೆ ಉದುರಿ ಕಲೆ ಉಳಿಯುತ್ತಿತ್ತು.

ಮನೆಮನೆಗೆ ಹೋದರೂ ನಾವು ಹಾಕುತ್ತಿದ್ದದ್ದು ಸಾಲಿನಲ್ಲೇ. ಒಂದೊಂದೇ ಕೋಣೆಯ ಮನೆಗಳು ಸಾಲಾಗಿದ್ದ ಚಾಳಿನ ಗ್ಯಾಲರಿಯ ತುದಿಯಲ್ಲಿ ಸ್ಟೂಲಿನ ಮೇಲೆ ಕೂತು ಎಲ್ಲರನ್ನೂ ಎಳೆದು ನಿಲ್ಲಿಸುವುದು. ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಧೈರ್ಯ ಬರುತ್ತದೆ, ಕೆಲಸ ಬೇಗ ಸಾಗುತ್ತದೆ. ಆದರೆ ಸಾಲಿನಲ್ಲಿ ಒಬ್ಬರನ್ನು ಬಿಟ್ಟರೆ ಹಿಂದಿನವರೆಲ್ಲ ಜಾರಿಕೊಳ್ಳುತ್ತಾರೆ. ಆದ್ದರಿಂದ ಯಾರನ್ನೂ ಬಿಡುವ ಹಾಗಿರಲಿಲ್ಲ. ಜನ ಹೇಳದ ನೆವವಿಲ್ಲ. ಒಬ್ಬಳಿಗೆ ಒಪ್ಪೊತ್ತು, ಇನ್ನೊಬ್ಬನಿಗೆ ನಾಳೆ ಊರಿಗೆ ಹೋಗುವುದಿದೆ. ಒಬ್ಬ ಪೈಲ್ವಾನ ಸಂಡಾಸಿನಲ್ಲಿ ಬಾಗಿಲು ಹಾಕಿಕೊಂಡು ಕೂತ. ನಾನೂ ಹೊರಗೆ ಕೂತೆ. ಕೊನೆಗೆ ಅವನ ಹಿಂದೆ ಸರದಿಗೆ ನಿಂತ ಹೆಂಗಸರೇ ಬೈದು ಅವನನ್ನು ಹೊರಗೆ ತಂದರು.

ನಮ್ಮ ಮೇಲಿದ್ದವರು ಇನ್‌ಸ್ಪೆಕ್ಟರ್ ಕುಲಕರ್ಣಿ ಸಾಹೇಬರು, ಧಾರವಾಡದವರು. ಒಂದು ಪೈಸೆ ಮುಟ್ಟಿದವರಲ್ಲ. ಆಗ ಕೆಲವರು ಚಹಾಕ್ಕೆ ಚಿಲ್ಲರೆ ಇಸಿದುಕೊಂಡು, ಚುಚ್ಚದೆಯೇ ಚುಚ್ಚಿದೆವೆಂದು ಹೇಳುತ್ತಿದ್ದರು. ಅದಕ್ಕೆ ಖೋಟಾ ಟೋಚಣಿ ಎಂದು ಹೆಸರು. ಅಂಥವನೊಬ್ಬ ಸಾಹೇಬರ ಕಿವಿಯಲ್ಲಿ ಪಿಸುಗುಟ್ಟಿ ಪಾರಾಗಲು ನೋಡಿದ್ದನಂತೆ. ಅವತ್ತಿನಿಂದ ಸಾಹೇಬರದು ಒಂದೇ ಹಟ. “ನನ್ನ ಕಿವ್ಯಾಗ ಯಾರೂ ಮಾತಾಡಬ್ಯಾಡ್ರಿ. ಏನಿದ್ದರೂ ಮಂದಿ ಮುಂದ ಹೇಳ್ರಿ.” ಈ ಹಟವನ್ನು ನಾನು ಬಹಳ ಮೆಚ್ಚಿದ್ದೆ. ನನ್ನ ಕೈಯಿಂದ ಖೋಟಾ ಕೆಲಸ ಆಗಿರಲಿಲ್ಲ, ನನಗೇನು ಭಯ?

ಕ್ಯಾನ್ಸರ್ ಆಗಿ ಬದುಕಿ ಬಂದ ಹರೆಯದವರಿಗೂ ನಮ್ಮ ಸೂಜಿಗೂ ಇರುವ ಸಂಬಂಧ ನನಗೆ ಮೊದಲು ತಿಳಿದದ್ದು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ. ಗಲ್ಲಾದ ಮೇಲೆ ಮಾಲೀಕರ ಅಕ್ಕನ ಮಗ ಸುಧಾಕರ ಕೂರುತ್ತಿದ್ದ. ಇಪ್ಪತ್ತರ ಆಸುಪಾಸು, ನಗುಮುಖ. ಗಲ್ಲಾದ ಹಿಂದೆ ಊರುಗೋಲು ಇದ್ದದ್ದು ನನಗೆ ಕಾಣಿಸಿರಲಿಲ್ಲ. ಮೂಳೆಯ ಕ್ಯಾನ್ಸರ್ ಆಗಿ, ಶಾಲೆಗೆ ಹೋಗುವ ವಯಸ್ಸಿನಲ್ಲೇ ಒಂದು ಕಾಲನ್ನು ತೊಡೆಯವರೆಗೆ ತೆಗೆದಿದ್ದರು. ಅಡುಗೆಮನೆಯವರೆಲ್ಲ, “ಸುಧಾಕರಣ್ಣ ಹಾಕಿಸಿಕೊಂಡರೆ ನಾವೂ ರೆಡಿ” ಎಂದು ಹಿಟ್ಟಿನ ಕೈ ಹಿಂದೆ ಕಟ್ಟಿ ನಿಂತರು.

“ನನ್ನನ್ನು ಬಿಡಿ ಮಾರಾಯ್ರೆ,” ಎಂದ ಅವನು. “ನನಗೆ ಚುಚ್ಚಿದಷ್ಟು ಸೂಜಿ ಈ ಗ್ರಾಂಟ್ ರೋಡಿನ ಟೈಲರುಗಳ ಹತ್ತಿರ ಕೂಡ ಇರ್ಲಿಕ್ಕಿಲ್ಲ. ನನ್ನ ಪಾಲಿನದ್ದು ಮುಗಿದಿದೆ.”

“ಇದು ನೋಯೂದಿಲ್ಲ ತಮ್ಮ.”

“ಕಾಲು ತೆಗೆಯುವ ಮೊದಲೂ ಹಾಗೇ ಹೇಳಿದ್ದು.”

ಆ ದಿನ ಬರಿಗೈಯಲ್ಲಿ ಬಂದು ಕುಲಕರ್ಣಿ ಸಾಹೇಬರನ್ನು ಕೇಳಿದೆ. ಅವರು ದೊಡ್ಡ ಡಾಕ್ಟರರನ್ನು ವಿಚಾರಿಸಿಕೊಂಡು ಬಂದು ತಿಳಿಸಿ ಹೇಳಿದರು. ಗಡ್ಡೆ ಕತ್ತರಿಸಿ ತೆಗೆದು, ವರ್ಷಗಟ್ಟಲೆ ಗಟ್ಟಿಯಾಗಿದ್ದವನಿಗೆ ಅಡ್ಡಿಯಿಲ್ಲ. ಆದರೆ ರಕ್ತದ ಕ್ಯಾನ್ಸರ್ ಆದವರಿಗೆ, ಕುತ್ತಿಗೆ ಕಂಕುಳಲ್ಲಿ ಗಂಟು ಏಳುವ ಕ್ಯಾನ್ಸರ್ ಆದವರಿಗೆ ಹಾಕಕೂಡದು. ನಮ್ಮ ಔಷಧ ಸತ್ತದ್ದಲ್ಲ, ಜೀವ ಇರುವಂಥದು. ಗಟ್ಟಿ ಮೈ ಅದನ್ನು ಒಂದು ಗುಳ್ಳೆಯಲ್ಲಿ ಕಟ್ಟಿಹಾಕುತ್ತದೆ. ಅವರ ಮೈಗೆ ಆ ಶಕ್ತಿ ಇರುವುದಿಲ್ಲ. ಗುಳ್ಳೆ ಹುಣ್ಣಾಗಿ ಹಬ್ಬುತ್ತಲೇ ಹೋಗುತ್ತದೆ.

ಮುಂದಿನ ವಾರ ಹೋಗಿ ಸುಧಾಕರನಿಗೆ ಇದನ್ನೆಲ್ಲ ಹೇಳಿದೆ. ಅವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ.

“ಅಂದರೆ ನನಗೆ ಹಾಕಬಹುದು ಅಂತ ಡಾಕ್ಟರೇ ಹೇಳಿದ್ದಾ?”

“ಹೌದು.”

“ಆಸ್ಪತ್ರೆಯಲ್ಲಿ ಚುಚ್ಚಿದ್ದೆಲ್ಲ ರೋಗ ಉಂಟು ಅಂತ. ನೀವು ಚುಚ್ಚುವುದು ರೋಗ ಇಲ್ಲ ಅಂತ. ಹೌದಲ್ವಾ?”

ನಾನು ಉತ್ತರ ಕೊಡುವ ಮೊದಲೇ ತೋಳು ಮಡಚಿ ಗಲ್ಲಾದ ಮೇಲೆ ಕೈಯಿಟ್ಟ. ಅಡುಗೆಮನೆಯವರು ಚಪ್ಪಾಳೆ ತಟ್ಟಿದರು. ನಮ್ಮ ಸೂಜಿಗೆ ಇಂಥದ್ದೊಂದು ಅರ್ಥವೂ ಇರಬಹುದು ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಅದಾಗಿ ಒಂದೆರಡು ವರ್ಷಕ್ಕೆ ಕುರ್ಲಾದ ಒಂದು ಚಾಳಿನಲ್ಲಿ ಊರಿನಿಂದ ಬಂದಿದ್ದ ನೆಂಟನಿಗೆ ದೇವಿ ಎದ್ದಿತು. ಅವನನ್ನು ಆಸ್ಪತ್ರೆಗೆ ಸಾಗಿಸಿ, ಸುತ್ತಲಿನ ಚಾಳುಗಳಲ್ಲಿ ಒಬ್ಬರನ್ನೂ ಬಿಡದಂತೆ ಹಾಕಬೇಕೆಂದು ಹುಕುಂ ಬಂತು. ನನಗೆ ಬಂದ ಚಾಳಿನಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಗ್ಯಾಲರಿಯ ತುದಿಯಲ್ಲಿ ಕೂತೆ. ಜನ ಹೆದರಿದ್ದರಿಂದ ಯಾರೂ ನೆವ ಹೇಳಲಿಲ್ಲ. ತಾವಾಗಿ ಸಾಲು ನಿಂತರು. ಸಾಲಿನ ಮುಂದೆ ನಿಂತು ಎಲ್ಲರ ಮೇಲೂ ದರಬಾರು ಮಾಡುತ್ತಿದ್ದವಳು ನಾಗವ್ವ. ಗಂಡ ತೀರಿಕೊಂಡವಳು, ಮಗ ಮಲ್ಲೇಶಿ ಅಲ್ಲೇ ಹತ್ತಿರದ ಲೇತ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ.

ಹತ್ತೊಂಬತ್ತರ ಒಬ್ಬ ಹುಡುಗಿ ಸ್ಟೂಲಿನ ಮುಂದೆ ಕೂತು ಕೈ ಚಾಚಿದಳು. ಹೆಸರು ಕಸ್ತೂರಿ. ಮುಂಗೈ ನುಣ್ಣಗಿತ್ತು, ಹಳೆಯ ಕಲೆಯೂ ಇರಲಿಲ್ಲ. ಆಕೆಯ ತಾಯಿ ಗೌರವ್ವ ಹಿಂದಿನಿಂದ ಓಡಿಬಂದು ಮಗಳ ರಟ್ಟೆ ಹಿಡಿದಳು.

“ಈಕೀಗಿ ಬ್ಯಾಡ್ರಿ ಅಣ್ಣಾರ.”

“ಯಾಕವ್ವಾ?”

“ಬ್ಯಾಡಂದ್ರ ಬ್ಯಾಡ್ರಿ.”

“ಸಣ್ಣಾಕಿದ್ದಾಗ ದೇವಿ ಹಾಕೋನು ಬಂದ್ರ ನೆಲದಾಗಿನ ಹಗೇವಿನ್ಯಾಗ ಇಳಿಸಿ ಬಚ್ಚಿಟ್ಟಿದ್ಲಂತ್ರಿ,” ಎಂದು ನಾಗವ್ವ ಎಲ್ಲರಿಗೂ ಕೇಳುವಂತೆ ನಕ್ಕಳು. “ಈಗ ಎಲ್ಲಿ ಬಚ್ಚಿಡ್ತಿ ಬೀಗತಿ? ಇಲ್ಲಿ ಜ್ವಾಳದ ಹಗೇವಿಲ್ಲ. ಹಾಕ್ರಿ, ಹಾಕ್ರಿ. ನಮ್ಮ ಮನಿ ತುಂಬೂ ಹುಡುಗಿ, ಬಿಡಬ್ಯಾಡ್ರಿ.”

ಮಲ್ಲೇಶಿಗೂ ಕಸ್ತೂರಿಗೂ ನಿಶ್ಚಯವಾಗಿದೆ ಎಂಬುದು ಹಾಗೆ ತಿಳಿಯಿತು. ಅಷ್ಟರಲ್ಲಿ ಎಳೆದಾಟದಲ್ಲಿ ಹುಡುಗಿಯ ಸೆರಗು ಸರಿದು ಕುತ್ತಿಗೆ ಕಂಡಿತು. ಕಿವಿಯ ಕೆಳಗಿನಿಂದ ಹೆಗಲಿನವರೆಗೆ ಚರ್ಮ ಸುಟ್ಟ ರೊಟ್ಟಿಯ ಹಾಗೆ ಕಪ್ಪಾಗಿತ್ತು. ಆಕೆ ಚಟ್ಟನೆ ಮುಚ್ಚಿಕೊಂಡಳು. ಕ್ಯಾನ್ಸರಿನ ಗಂಟು ಸುಡಲು ಆಸ್ಪತ್ರೆಯಲ್ಲಿ ಕಿರಣ ಹಾಯಿಸಿದರೆ, ಜನರ ಬಾಯಲ್ಲಿ ಕರೆಂಟು ಕೊಟ್ಟರೆ, ಚರ್ಮ ಹಾಗಾಗುತ್ತದೆ. ನಾನು ಎದ್ದೆ.

“ಸೂಜಿ ಕುದಿಸಬೇಕು. ಒಲಿ ಹಚ್ಚವ್ವಾ,” ಎಂದು ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಅವರ ಖೋಲಿಯೊಳಗೆ ಹೋದೆ. ಸ್ಟೋವಿನ ಸದ್ದಿನಲ್ಲಿ ಮಾತು ಹೊರಗೆ ಹೋಗುವಂತಿರಲಿಲ್ಲ. ತಾಯಿ ಅಳುತ್ತಾ ಹೇಳಿದಳು. ಹದಿನಾಲ್ಕನೆಯ ವರ್ಷಕ್ಕೆ ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಆಗ ಬೇರೆ ಚಾಳಿನಲ್ಲಿದ್ದರು. ಗಂಡ ಎಲ್ಲ ಮಾರಿ ದೊಡ್ಡಾಸ್ಪತ್ರೆಯಲ್ಲಿ ಕರೆಂಟು ಕೊಡಿಸಿದ್ದ. ಗಂಟು ಕರಗಿತು. ಯಾವ ದೇವಿಯನ್ನೂ ಹಾಕಿಸಬೇಡಿ ಎಂದು ಅಲ್ಲಿನ ಡಾಕ್ಟರು ಹೇಳಿ ಕಳಿಸಿದ್ದರು. ಹುಡುಗಿ ಗಟ್ಟಿಯಾದ ಮೇಲೆ, ಗುರುತಿನವರು ಯಾರೂ ಇಲ್ಲದ ಈ ಚಾಳಿಗೆ ಬಂದರು. ಸುಟ್ಟ ಕುತ್ತಿಗೆಗೆ ಬಿಸಿನೀರು ಬಿದ್ದಿತ್ತೆಂದು ಹೇಳಿಕೊಂಡಿದ್ದರು.

“ಹಂಗಾರ ಹಾಕೂದಿಲ್ಲ. ಮುಗೀತು,” ಎಂದೆ.

ಆಗ ಕಸ್ತೂರಿ ಬಾಯಿಬಿಟ್ಟಳು. “ಮುಗ್ಯಾಂಗಿಲ್ರಿ ಅಣ್ಣಾರ. ಎಲ್ಲಾರಿಗೂ ಹಾಕಿ ನನ್ನೊಬ್ಬಾಕಿನ್ನ ಬಿಟ್ರ ನಾಗವ್ವತ್ತಿ ಯಾಕಂತ ಕೇಳ್ತಾಳ. ಆಕಿ ಗಂಡ ಗಂಟಲ ಕ್ಯಾನ್ಸರಿನ್ಯಾಗ ಸತ್ತಾನ. ಆ ಹೆಸರು ಕೇಳಿದ್ರ ಆಕಿ ಹೊಸ್ತಿಲಾ ದಾಟಿಸಾಂಗಿಲ್ಲ.”

“ಮತ್ತ ಏನು ಮಾಡೂಣಂತಿ?”

“ಖರೇ ಹಾಕ್ರಿ. ಆಗೂದು ಆಗ್ಲಿ. ಎಲ್ಲಾರ ಕೈಯಾಗ ಇರೂದು ನನ್ನ ಕೈಯಾಗೂ ಇರ್ಲಿ.”

“ಹುಚ್ಚಿ! ಜೀವಾ ಹೋಗ್ತೈತಿ.”

“ಹಂಗಾರ ಔಷಧ ಹಚ್ಚದ ಸೂಜೀಲೆ ಚುಚ್ಚ್ರಿ. ಯಾರಿಗಿ ತಿಳೀತೈತಿ?”

ನನಗೆ ಮೈ ಉರಿಯಿತು. ಖೋಟಾ ಟೋಚಣಿ, ಅದೂ ನನ್ನ ಕೈಯಿಂದ! ಆದರೆ ಆ ಹುಡುಗಿ ಕಣ್ಣು ತೆಗೆಯದೆ ನೋಡುತ್ತಿದ್ದಳು. ಬೇರೆ ದಾರಿ ಇದ್ದರೆ ಹೇಳು ಎನ್ನುವ ಹಾಗಿತ್ತು ಆ ನೋಟ. ನನ್ನ ಬಳಿ ಇರಲಿಲ್ಲ. ವಾರದ ಮೇಲೆ ಹತ್ತಿತೋ ಇಲ್ಲವೋ ನೋಡುವುದೂ ನನ್ನದೇ ಕೆಲಸ; ಸಾಹೇಬರು ಬರುವ ವಾಡಿಕೆ ಇರಲಿಲ್ಲ. ಹೊರಗೆ ಬಂದು, ಕುದಿಸಿ ಆರಿಸಿದ ಬರೀ ಸೂಜಿಯಿಂದ, ನಾಗವ್ವನ ಕಣ್ಣೆದುರಿಗೇ ಚುಚ್ಚಿದೆ. ಕಸ್ತೂರಿಯ ಮುಖ ಹಬ್ಬದ ದಿನ ಹೊಸ ಬಳೆ ಇಡಿಸಿಕೊಂಡವಳ ಹಾಗಿತ್ತು. ಹೋಗುವಾಗ ಮೆಲ್ಲಗೆ ಹೇಳಿದೆ. “ಮುಂಗೈಗಿ ಅರಿವಿ ಕಟ್ಟಿಕೊ, ಬಿಚ್ಚಬ್ಯಾಡ. ಮತ್ತ ಯಾರ ಗಾಯಾನೂ ಮುಟ್ಟಬ್ಯಾಡ. ಅವರ ಗುಳ್ಳಿ ರಸಾ ನಿನಗ ಹತ್ತಿದ್ರೂ ಅಷ್ಟ.”

ಅಲ್ಲೇ ಪಕ್ಕದ ಚಾಳಿನಲ್ಲಿ ಇನ್ನೊಬ್ಬನಿಗೆ ದೇವಿ ಎದ್ದದ್ದರಿಂದ ಮೇಲಿನವರು ಕುಲಕರ್ಣಿ ಸಾಹೇಬರನ್ನು ತರಾಟೆಗೆ ತೆಗೆದುಕೊಂಡರು. ದೇವಿ ಹತ್ತಿದ್ದನ್ನು ನೋಡಲು ನಾನು ಹೋದ ಬೆಳಿಗ್ಗೆ ಅವರೂ ಬಂದರು. ಮತ್ತೆ ಸಾಲು. ಒಬ್ಬೊಬ್ಬರೂ ಮುಂಗೈ ತೋರಿಸಿ ದಾಟಿದರು. ಎಲ್ಲರದೂ ಚೆನ್ನಾಗಿ ಹತ್ತಿತ್ತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಆಮೇಲೆ ಕಸ್ತೂರಿ ಬಂದಳು.

“ಅರಿವಿ ಬಿಚ್ಚವ್ವಾ,” ಎಂದರು ಸಾಹೇಬರು.

“ನೋಯ್ತೈತ್ರಿ.”

“ನೋಡೇ ಬಿಡತೇನಿ, ಬಿಚ್ಚು.”

ಅರಿವೆಯ ಕೆಳಗೆ ಮುಂಗೈ ನುಣ್ಣಗಿತ್ತು.

“ಹತ್ತೇ ಇಲ್ಲ. ಸಂಗಪ್ಪ, ಸೂಜಿ ತಾ. ಈಗ್ಲೇ ಹಾಕೂಣು.”

“ಸಾಹೇಬ್ರ, ಒಂದು ಮಾತೈತ್ರಿ. ಆ ಕಡೆ ಬರ್ರಿ.”

ಅವರ ಮುಖ ಕೆಂಪಾಯಿತು. “ಏನು ಮಾತು? ಇಲ್ಲೇ ಹೇಳು.”

ಹೇಳುವಂತಿರಲಿಲ್ಲ. ನಾಗವ್ವ ಎರಡು ಹೆಜ್ಜೆ ದೂರದಲ್ಲಿದ್ದಳು. ನಳದ ಹತ್ತಿರ ಮಲ್ಲೇಶಿ ಬಕೀಟು ಹಿಡಿದು ನಿಂತಿದ್ದ. ನಾನು ತಲೆ ತಗ್ಗಿಸಿದೆ.

“ಖೋಟಾ ಟೋಚಣಿ ಮಾಡೀಯಲ್ಲಾ!” ಎಂದರು ಸಾಹೇಬರು. “ನಿನ್ನ ಮ್ಯಾಲೆ ನನಗ ಎಷ್ಟು ಭರೋಸಾ ಇತ್ತು! ಎಷ್ಟು ತಿಂದಿ ಹೇಳು?”

“ಹಂಗಾರ ನಮಗೂ ನೀರ ಚುಚ್ಯಾನೇನು?” ಎಂದು ಸಾಲಿನಲ್ಲಿ ಯಾರೋ ಕೂಗಿದರು. “ಕಳ್ಳ ಅದಾನ, ಕಳ್ಳ!”

ಬುಟ್ಟಿ ಹೊರುವಾಗ ಮೇಸ್ತ್ರಿಗಳಿಂದ ಬೈಸಿಕೊಂಡವನು ನಾನು. ಆದರೆ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ನೌಕರಿ ಹೋದರೆ ಮತ್ತೆ ಬುಟ್ಟಿ ಹೊರೋಣ ಎಂದು ಗಟ್ಟಿ ಮನಸ್ಸು ಮಾಡಿಕೊಂಡೆ. ಸಾಹೇಬರೇ ನನ್ನ ಚೀಲದಿಂದ ಸೂಜಿ ತೆಗೆದು ಶೀಶೆಯಲ್ಲಿ ಅದ್ದಿದರು. ನಾನು ಅವರ ಕೈ ಹಿಡಿದುಕೊಂಡೆ. “ಹಾಕಬ್ಯಾಡ್ರಿ” ಎಂದೆ, ಅಷ್ಟೇ ಬಂತು ಬಾಯಿಂದ.

“ಕೈ ಬಿಡು! ಸಸ್ಪೆಂಡ್ ಮಾಡಿಸ್ತೇನಿ ನಿನ್ನ.”

ಕಸ್ತೂರಿ ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ನಳದ ಕಡೆ. ಆಮೇಲೆ ತಾನೇ ಸೆರಗು ತೆಗೆದಳು.

“ಅವರನ್ನ ಬೈಬ್ಯಾಡ್ರಿ ಸಾಹೇಬ್ರ. ಇದು ಬಿಸಿನೀರು ಬಿದ್ದಿದ್ದಲ್ಲ, ಕರೆಂಟು ಕೊಟ್ಟಿದ್ದು. ನನಗ ಕ್ಯಾನ್ಸರ್ ಆಗಿತ್ರಿ. ಅದಕ್ಕ ಅವರು ಹಾಕ್ಲಿಲ್ಲ. ಒಂದ ಪೈಸಾನೂ ತಿಂದಿಲ್ಲ. ನಾನ ಬೇಡಿಕೊಂಡಿದ್ದೆ.”

ಸಾಹೇಬರ ಕೈಯಿಂದ ಸೂಜಿ ಕೆಳಗೆ ಬಿತ್ತು. ನಾಗವ್ವ ಬೈಯಲಿಲ್ಲ, ಅರಚಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಗೆ ಆತು ಕೂತಳು. ಗಂಡನ ಗಂಟಲಿನ ಹುಣ್ಣು ತೊಳೆದ ಕೈಗಳು ಅವು. ಅವಳನ್ನು ನಾನು ಈಗಲೂ ದೂರಲಾರೆ. ಮಲ್ಲೇಶಿ ತುಂಬಿದ ಬಕೀಟನ್ನು ಅಲ್ಲೇ ಇಟ್ಟು, ಅಂಗಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಕೆಲಸಕ್ಕೆ ಹೋದ. ಆ ಬಕೀಟು ಮಧ್ಯಾಹ್ನದವರೆಗೆ ಅಲ್ಲೇ ಇತ್ತಂತೆ.

ಕುಲಕರ್ಣಿ ಸಾಹೇಬರು ನನ್ನನ್ನು ಸ್ಟೇಶನ್‌ವರೆಗೂ ಕರೆದೊಯ್ದರು. ಅಲ್ಲಿ ಇಬ್ಬರಿಗೂ ಚಹಾ ಹೇಳಿ, ತಮ್ಮದನ್ನು ಕುಡಿಯದೆ ಇಟ್ಟು, “ನಾಳಿಂದ ಸಾಲು ಬ್ಯಾಡ. ಬಾಗಿಲೊಳಗ ಹೋಗಿ ಹಾಕು, ಬಾಗಿಲೊಳಗ ಹೋಗಿ ನೋಡು,” ಎಂದರು. ಚಹಾದವನಿಗೆ ದುಡ್ಡು ಕೊಟ್ಟು, “ಯಾರರ ಕಿವ್ಯಾಗ ಹೇಳ್ತೇನಂದ್ರ ಕೇಳಿಕೋ,” ಎಂದರು. ಕೆಲಸ ನಿಧಾನವಾಯಿತೆಂದು ಮೇಲಿನವರು ಕೂಗಾಡಿದರು. ನಮ್ಮ ವಾರ್ಡಿನಲ್ಲಿ ಮಾತ್ರ ಸಾಲು ಮತ್ತೆ ನಿಲ್ಲಲಿಲ್ಲ.

ನಿಶ್ಚಯ ಮುರಿಯಿತು. ವರ್ಷದೊಳಗೆ ಮಲ್ಲೇಶಿಗೆ ಊರಿನಿಂದ ಹೆಣ್ಣು ತಂದರು. ಕಸ್ತೂರಿ ಅದೇ ಗ್ಯಾಲರಿಯಲ್ಲಿ, ಎರಡೇ ಬಾಗಿಲಾಚೆ ಉಳಿದಳು. ಬೇರೆ ಕಡೆ ಹೋಗಲು ತಂದೆಯ ಬಳಿ ಹೊಸ ಖೋಲಿಗೆ ಮುಂಗಡ ಕೊಡಬೇಕಾದ ಪಗಡಿಯ ಹಣವಿರಲಿಲ್ಲ. ಆಕೆ ರೆಡಿಮೇಡ್ ಅಂಗಿಗಳಿಗೆ ಗುಂಡಿ ಹಚ್ಚುವ ಕೆಲಸ ತಂದು ಮನೆಯಲ್ಲೇ ಮಾಡುತ್ತಿದ್ದಳು. ನಾನು ಆ ಕಡೆ ಹೋದಾಗಲೆಲ್ಲ, “ಅಣ್ಣಾ, ಬರ್ರಿ” ಎಂದು ಕರೆದು ಚಹಾ ಕೊಡುತ್ತಿದ್ದಳು. ನನ್ನ ನೌಕರಿ ಉಳಿಸಿದ ಮಾತನ್ನು ನಾನು ತೆಗೆದರೆ ಗುಂಡಿ ಎಣಿಸುವ ನೆಪ ಮಾಡುತ್ತಿದ್ದಳು.

ಬಾಗಿಲೊಳಗೆ ಹೋಗಲು ಶುರುಮಾಡಿದ ಮೇಲೆ ಅಂಥ ಇನ್ನೂ ಕೆಲವು ಎಳೆಯರು ಸಿಕ್ಕರು. ಸಾಲಿನಲ್ಲಿ ಅವರು ನನಗೆ ಕಾಣಿಸಿಯೇ ಇರಲಿಲ್ಲ. ಸಾಂತಾಕ್ರೂಜ್‌ನ ಸೊಸೈಟಿಯೊಂದರಲ್ಲಿ ಗಡ್ಡೆ ತೆಗೆಸಿಕೊಂಡು ಗಟ್ಟಿಯಾಗಿದ್ದ, ಕಾಲೇಜಿಗೆ ಹೋಗುವ ಹುಡುಗಿ ಸ್ಪಿರಿಟ್ಟಿನ ವಾಸನೆಗೇ ವಾಂತಿ ಮಾಡಿಕೊಂಡಳು. ಅವಳ ಪಾಲಿಗೆ ಅದು ಆಸ್ಪತ್ರೆಯ ವಾರ್ಡಿನ ವಾಸನೆ. ಅವಳಿಗಾಗಿ ಬರೀ ಸಾಬೂನು ನೀರಿನಲ್ಲಿ ಕೈ ತೊಳೆಸಿ ಹಾಕಿದೆ. ಕೆಲವರು ಸಿಟ್ಟಿಗೇಳುತ್ತಿದ್ದರು, ಕೆಲವರು ಎರಡು ಸಲ ಹಾಕಿ ಎಂದು ಬೇಡುತ್ತಿದ್ದರು. ಹಾಕಬಾರದು ಎಂದು ಹೇಳಿದಾಗ ಮಾತ್ರ ಎಲ್ಲರ ಮುಖವೂ ಒಂದೇ ಥರ ಆಗುತ್ತಿತ್ತು. ರೋಗ ಹೋಯಿತೆಂದು ಕಳಿಸಿದವರೇ ಹಿಂದಿನಿಂದ ಬಂದು, ಇಲ್ಲ, ಇನ್ನೂ ಇದೆ ಎಂದು ಕಿವಿಯಲ್ಲಿ ಹೇಳಿದ ಹಾಗೆ. ಲಸಿಕೆಯ ಪೆಟ್ಟಿಗೆ ಹಿಡಿದು ಬರುವ ಮಕ್ಕಳೇ, ಈ ಮಾತನ್ನು ಬಾಗಿಲಲ್ಲಿ ನಿಂತು ಹೇಳಬೇಡಿ. ಕೂತು ಹೇಳಿ. ಅವರು ಕೊಟ್ಟ ನೀರು ಕುಡಿದು ಹೇಳಿ.

ಮಲ್ಲೇಶಿಗೆ ಗಂಡು ಕೂಸು ಹುಟ್ಟಿತು. ಮೂರು ತಿಂಗಳಿಗೆ ದೇವಿ ಹಾಕಲು ನಾನೇ ಹೋದೆ. ಕೂಸಿನ ಅಳು ಕೇಳಿ ಕಸ್ತೂರಿ ತನ್ನ ಬಾಗಿಲಿಗೆ ಬಂದು ನಿಂತಳು. ನಾಗವ್ವ ಕೂಸಿಗೆ ಸೆರಗು ಮುಚ್ಚಿ ನನಗೆ ಹೇಳಿದಳು.

“ಆಕೀಗಿ ನೀವರೆ ಹೇಳ್ರಿ. ಇತ್ತಾಗ ಬರಬ್ಯಾಡಂತ. ಕೂಸಿಗಿ ಹತ್ತಿದ್ರ ಏನು ಮಾಡೂದು?”

“ಆ ರೋಗ ಹತ್ತೂವಂಥದ್ದಲ್ಲ ನಾಗವ್ವಾರ. ಆಕೀಯಿಂದ ಕೂಸಿಗಿ ಏನೂ ಆಗಾಂಗಿಲ್ಲ. ಈಗ ಗುಳ್ಳಿ ಏಳ್ತೈತಲ್ಲ, ಈ ಕೂಸಿನಿಂದನ ಆಕೀಗಿ ಅಪಾಯ ಐತಿ. ಮೂರು ವಾರ ಆಕೀನ್ನ ನಾವು ಕಾಯಬೇಕು.”

ನಾಗವ್ವ ನಂಬದೆ ನನ್ನ ಮುಖ ನೋಡಿದಳು. ಎರಡು ಬಾಗಿಲಾಚೆ ಕಸ್ತೂರಿ ನಕ್ಕಳು.

“ಯಾರಿಂದ ಯಾರಿಗಾದ್ರೂ ಆಗ್ಲಿ ಅಣ್ಣಾ. ನಾ ಎತ್ತಿಕೊಳ್ಳಾಂಗಿಲ್ಲ ಅನ್ನೂದು ಖರೇ ಹೌದಿಲ್ಲೊ?”

ಮೂರು ವಾರದ ಮೇಲೆ ಹಕ್ಕಳೆ ಉದುರಿತು. ಉದುರಿದ್ದನ್ನು ಸುಟ್ಟು, ಕೂಸಿನ ಕೈ ತೊಳೆಸಿ, “ಇನ್ನ ಇಬ್ಬರಿಗೂ ಅಂಜಿಕಿಲ್ಲ” ಎಂದೆ. ನಾಗವ್ವ ಅಕ್ಕಿಯ ಮೊರ ಎಳೆದುಕೊಂಡಳು. ಆಮೇಲೆ ಸೊಸೆಗೆ, “ಅಕ್ಕಿ ಆರಿಸೂದೈತಿ. ಕೂಸಿನ್ನ ಯಾರರೆ ಸ್ವಲ್ಪ ಹಿಡೀತಿದ್ರ…” ಎಂದು ಗೋಡೆಗೆ ಹೇಳಿದಂತೆ ಹೇಳಿದಳು. ಸೊಸೆ ಕೂಸನ್ನು ಒಯ್ದು ಕಸ್ತೂರಿಯ ಮಡಿಲಲ್ಲಿಟ್ಟಳು. ಕಸ್ತೂರಿ ಅದರ ಮುಂಗೈಯ ಕೆಂಪು ಗುರುತಿನ ಸುತ್ತ ಬೆರಳಾಡಿಸಿದಳು. ಅಷ್ಟರಲ್ಲಿ ಕೂಸು ಅತ್ತಿತು. ತಾಯಿ ಬಂದು ಎತ್ತಿಕೊಂಡು ಹೋದಳು.

ಮರುವರ್ಷ ಕಸ್ತೂರಿಗೆ ಗಂಟು ಮತ್ತೆ ಎದ್ದಿತು, ಈ ಸಲ ಕಂಕುಳಲ್ಲಿ. ಕೊನೆಯ ಸಲ ಆಸ್ಪತ್ರೆಯ ವಾರ್ಡಿನಲ್ಲಿ ನೋಡಿದಾಗ ಅವಳು ಹಾಸಿಗೆಯಲ್ಲಿ ಎಲ್ಲಿದ್ದಾಳೆಂದು ಹುಡುಕಬೇಕಿತ್ತು. ನನ್ನ ಕೈ ಎಳೆದುಕೊಂಡು ಮುಂಗೈ ತಿರುಗಿಸಿದಳು. ಅಲ್ಲಿ ಚಿಕ್ಕಂದಿನಲ್ಲಿ ಊರಲ್ಲಿ ಹಾಕಿದ ದೊಡ್ಡ ಕಲೆಗಳಿದ್ದವು.

“ನೋವಾಗಿತ್ತೇನಣ್ಣಾ?”

“ಆಗಿತ್ತವ್ವಾ. ನಮ್ಮವ್ವ ಬೆಲ್ಲಾ ಕೊಟ್ಟು ಸುಮ್ಮನಾಗಿಸಿದ್ಲು.”

“ನಮ್ಮವ್ವ ಹಗೇವಿನ್ಯಾಗ ಇಳಿಸುವಾಗ ನನಗೂ ಬೆಲ್ಲಾ ಕೊಟ್ಟಿದ್ಲಂತ,” ಎಂದು ಕಣ್ಣು ಮುಚ್ಚಿದಳು. ತುಟಿಯ ಮೇಲೆ ಸಣ್ಣ ನಗೆಯಿತ್ತು. ಅದಾಗಿ ಹೆಚ್ಚು ದಿನ ಉಳಿಯಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಮೊದಲೇ ದೇಶದಲ್ಲಿ ದೇವಿ ಇಲ್ಲವಾಯಿತು. ಹಾಕುವುದನ್ನೂ ನಿಲ್ಲಿಸಿದರು. ನಮ್ಮ ಸೂಜಿಗಳನ್ನು ವಾಪಸ್ ತೆಗೆದುಕೊಂಡು ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ಅಲ್ಲಿ ಎಷ್ಟೋ ವರ್ಷ ದುಡಿದೆ; ಹೇಳುವಂಥದೇನಿಲ್ಲ.

ಈಗಲೂ ಲೋಕಲ್‌ನಲ್ಲಿ ನಿಂತರೆ ಮುಂಗೈ ನೋಡುವ ಚಟ ಬಿಟ್ಟಿಲ್ಲ. ನನ್ನ ವಯಸ್ಸಿನವರ ಕೈಯಲ್ಲಿ ಕಲೆ ಇದೆ, ಅವರು ಕೂತಿರುತ್ತಾರೆ. ಹಿಡಿಕೆ ಹಿಡಿದು ನಿಂತವರೆಲ್ಲ ಎಳೆಯರು. ಕುರ್ಲಾ ಬರುತ್ತದೆ, ಹುಡುಗಿಯರು ನಗುತ್ತ ಮಾತಾಡುತ್ತ ಹತ್ತುತ್ತಾರೆ, ಕೈ ಎತ್ತಿ ಹಿಡಿಕೆ ಹಿಡಿಯುತ್ತಾರೆ. ಸಾಲಿಗೆ ಸಾಲೇ ಮುಂಗೈಗಳು, ಒಂದರಲ್ಲೂ ಗುರುತಿಲ್ಲ. ಎಲ್ಲವೂ ಕಸ್ತೂರಿಯ ಕೈಯಷ್ಟೇ ನುಣ್ಣಗಿವೆ. ಯಾಕೆಂದು ಯಾರೂ ಯಾರನ್ನೂ ಕೇಳುವುದಿಲ್ಲ.